ಮನೆ ತುಂಬ ಸಾಮಾನು ಹರಡಿದೆ, ಕೈ ಏಳುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ. ಕಲಬುರಗಿಯ ಸೇಡಂ ರಸ್ತೆ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಗಂಡ ದಿನಾ ರೈಲಿನಲ್ಲಿ ಯಾದಗಿರಿಗೆ ಹೋಗಿ ಬರುತ್ತಾರೆ. ಮಗ ಏಳನೇ ಕ್ಲಾಸು, ಮಗಳು ಮೂರನೇ ಕ್ಲಾಸು. ಕಳೆದ ವರ್ಷ ಅತ್ತೆ ತೀರಿಕೊಂಡರು. ಊರ ಮನೆ ಖಾಲಿ ಮಾಡಿದಾಗ ಅವರ ಸಂದೂಕ, ಕವದಿ, ತಾಮ್ರದ ಹಂಡೆ, ಭಾಂಡೆ ಎಲ್ಲ ನಮ್ಮಲ್ಲಿಗೇ ಬಂದವು. ಆಗಿನಿಂದ ಮನೆಯಲ್ಲಿ ಕಾಲಿಡಲು ಜಾಗ ಇಲ್ಲ. ಸಂಜೆ ಬಾಗಿಲು ತೆಗೆದ ಕೂಡಲೇ ಎದೆ ಭಾರ ಆಗುತ್ತದೆ. ಬ್ಯಾಗ್ ಇಟ್ಟು ಮೊಬೈಲ್ ಹಿಡಿದು ಕೂತರೆ ಒಂದು ತಾಸು ಹೋಗಿರುತ್ತದೆ. ಭಾನುವಾರ ಎಲ್ಲ ಹಸನು ಮಾಡುತ್ತೇನೆ ಅಂತ ಅಲಮಾರಿಯಲ್ಲಿದ್ದದ್ದನ್ನೆಲ್ಲ ಮಂಚದ ಮೇಲೆ ಸುರಿಯುತ್ತೇನೆ. ಅರ್ಧಕ್ಕೆ ಕೈ ಸೋಲುತ್ತದೆ. ರಾತ್ರಿ ಮಲಗಬೇಕಲ್ಲ, ಎಲ್ಲ ಮತ್ತೆ ಒಳಗೆ ತುರುಕುತ್ತೇನೆ. ವಿಚಿತ್ರ ಅಂದರೆ ಬ್ಯಾಂಕಿನಲ್ಲಿ ನನ್ನ ಟೇಬಲ್ ಯಾವಾಗಲೂ ಅಚ್ಚುಕಟ್ಟು. ಗಂಡ "ನಿನಗೆ ಮನಸ್ಸಿಲ್ಲ" ಅನ್ನುತ್ತಾರೆ. ಪಕ್ಕದ ಮನೆಯವರು "ಇಂಥ ಮನೆಯಲ್ಲಿ ಲಕ್ಷ್ಮಿ ನಿಲ್ಲೋದಿಲ್ಲ" ಅಂದರು. ಅಕ್ಕ "ಎಲ್ಲ ಒಂದೇ ಸಲ ಎಸೆದುಬಿಡು" ಅನ್ನುತ್ತಾಳೆ. ಇದು ಸೋಮಾರಿತನವೋ, ಕಾಯಿಲೆಯೋ? ಆಷಾಢದಲ್ಲಿ ಅತ್ತೆಯ ವರ್ಷದ ಕಾರ್ಯ ಇದೆ, ನಾದಿನಿಯರು ಬರುತ್ತಾರೆ. ಅಷ್ಟರಲ್ಲಿ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬ್ಯಾಂಕಿನ ಟೇಬಲ್. ಅದನ್ನು ನೀವು ವಿಚಿತ್ರ ಅಂದಿದ್ದೀರಿ. ನನಗೆ ಅದರಲ್ಲೇ ಅರ್ಧ ಉತ್ತರ ಕಾಣುತ್ತದೆ.

ಸೋಮಾರಿ ಮನುಷ್ಯರು ಬ್ಯಾಂಕಿನಲ್ಲೂ ಸೋಮಾರಿಗಳೇ. ನೀವು ಹಾಗಲ್ಲ. ಅಲ್ಲಿ ನಿಮ್ಮ ಕೈಗೆ ಬರುವ ಪ್ರತಿ ಕಾಗದ ಎಲ್ಲಿಗೆ ಹೋಗಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ವೋಚರ್ ಈ ಕಡತಕ್ಕೆ, ಚೆಕ್ ಆ ಟ್ರೇಗೆ, ಕೆವೈಸಿ ಅರ್ಜಿ ಇನ್ನೊಂದು ಕಡೆಗೆ. ಆ ನಿಯಮ ಬೇರೆ ಯಾರೋ ಮಾಡಿಟ್ಟಿದ್ದಾರೆ. ನೀವು ಇಡುವ ಕೆಲಸ ಮಾತ್ರ ಮಾಡುತ್ತೀರಿ. ಮನೆಯಲ್ಲಿ ಆ ನಿಯಮ ಇಲ್ಲ. ಪ್ರತಿ ವಸ್ತು ಎತ್ತಿದಾಗಲೂ ಹೊಸದಾಗಿ ಯೋಚಿಸಬೇಕು. ಅದೂ ದಿನವಿಡೀ ಯೋಚಿಸಿ ದಣಿದ ತಲೆಯಲ್ಲಿ.

ನಿಮ್ಮ ಮನೆಯಲ್ಲೂ ಒಂದು ಕುರ್ಚಿ ಇರುತ್ತದೆ, ಅಲ್ವಾ? ಯಾರೂ ಕೂರದ ಕುರ್ಚಿ. ಅದರ ಮೇಲೆ ಏನಿದೆ ಅಂತ ಒಂದು ಸಲ ನಿಂತು ನೋಡಿ. ಮಗ ಒಂದು ದಿನ ಹಾಕಿದ ಯೂನಿಫಾರ್ಮ್ ಪ್ಯಾಂಟು, ಇನ್ನೂ ಒಂದು ದಿನ ನಡೆಯುತ್ತದೆ. ಮದುವೆಗೆ ಎರಡು ತಾಸು ಉಟ್ಟ ಸೀರೆ, ಒಗೆಯುವಷ್ಟು ಕೊಳೆಯಾಗಿಲ್ಲ, ಅಲಮಾರಿಗಿಡುವಷ್ಟು ಶುದ್ಧವೂ ಇಲ್ಲ. ಯಾರೋ ಆಯೇರಿ ಮಾಡಿದ ಕುಬಸದ ಖಣ, ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಕರೆಂಟ್ ಬಿಲ್. ಯಾವ ಫೋನಿನದು ಅಂತ ಯಾರಿಗೂ ಗೊತ್ತಿಲ್ಲದ ಚಾರ್ಜರ್. ಮಗಳ ಅರ್ಧ ಬಿಡಿಸಿದ ಚಿತ್ರ. ಆರು ಸಾಮಾನು, ಆರು ಪ್ರಶ್ನೆ. ಒಗೆಯಲಾ, ಇಡಲಾ, ಯಾರಿಗಾದರೂ ಕೊಡಲಾ, ಎಸೆದರೆ ಆಮೇಲೆ ಬೇಕಾದರೆ? ಮನುಷ್ಯರ ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕು ವಿಷಯ ಅಷ್ಟೇ. ಬಾಗಿಲಲ್ಲಿ ನಿಂತಾಗ ಇಂಥ ಇನ್ನೂರು ಪ್ರಶ್ನೆ ಒಟ್ಟಿಗೆ ಮೇಲೆ ಬಿದ್ದರೆ ತಲೆ ಕೈಚೆಲ್ಲುತ್ತದೆ. ಎದೆ ಭಾರ ಆಗುವುದು ಅದಕ್ಕೇ. ಮೊಬೈಲ್ ಹಿಡಿಯುವುದೂ ಅದಕ್ಕೇ. ಅಲ್ಲಿ ಏನನ್ನೂ ತೀರ್ಮಾನ ಮಾಡಬೇಕಿಲ್ಲ, ಬೆರಳು ಮೇಲಕ್ಕೆ ತಳ್ಳಿದರೆ ಸಾಕು.

ಹಾಗಾಗಿ ನಿಮ್ಮ ಮನೆಯಲ್ಲಿ ಉಳಿದಿರುವುದು ಕೆಲಸಕ್ಕಿಂತ ಜಾಸ್ತಿ ತೀರ್ಮಾನಗಳು. ಈ ಎರಡನ್ನೂ ಒಂದೇ ಹೊತ್ತಿಗೆ ಮಾಡಲು ಹೋಗುವುದರಿಂದಲೇ ನಿಮ್ಮ ಭಾನುವಾರ ಕೈಕೊಡುತ್ತಿದೆ.

ನಮ್ಮ ಭಾಗದ ಮನೆಗಳಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿಯೇ. ಹೊಲ ಇದ್ದವರ ಮನೆಗೆ ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ಜೋಳ, ತೊಗರಿ ಚೀಲದಲ್ಲಿ ಬರುತ್ತದೆ. ಹಳ್ಳಿಯ ಮನೆಯಲ್ಲಿ ಅದಕ್ಕೆ ಜಾಗ ಇತ್ತು. ಬಾಡಿಗೆ ಮನೆಯಲ್ಲಿ ಮಂಚದ ಪಕ್ಕಕ್ಕೆ ಬಂದು ಕೂರುತ್ತದೆ. ಹಳೆ ಮನೆಗಳ ದಪ್ಪ ಗೋಡೆಯಲ್ಲಿ ಗೂಡುಗಳಿದ್ದವು, ಬಾಗಿಲ ಪಕ್ಕ ಗೂಟಗಳಿದ್ದವು. ಅರ್ಧ ಉಟ್ಟ ಬಟ್ಟೆ ಗೂಟಕ್ಕೆ, ದೀಪ, ಡಬ್ಬಿ, ಕೀಲಿ ಗೂಡಿಗೆ. ಈಗಿನ ಎರಡು ಕೋಣೆಯ ಮನೆಯಲ್ಲಿ ನಾಲ್ಕು ನುಣುಪು ಗೋಡೆ, ಒಂದು ಅಲಮಾರಿ. ಆ ಗೂಟದ ಕೆಲಸವನ್ನೇ ಕುರ್ಚಿ ಮಾಡುತ್ತಿದೆ. ಆಯೇರಿಯ ಸೀರೆ, ಟವಲ್, ಸ್ಟೀಲ್ ಡಬ್ಬಿಗಳಂತೂ ಪ್ರತಿ ಮದುವೆ, ಗೃಹಪ್ರವೇಶದಿಂದಲೂ ಬರುತ್ತವೆ. ಮುಂದೆ ಯಾರಿಗಾದರೂ ಮಾಡಲು ಬೇಕಾಗುತ್ತದೆ ಅಂತ ಇಟ್ಟಿರುತ್ತೀರಿ. ಅದು ತಪ್ಪೂ ಅಲ್ಲ, ಬೇಕಾಗುತ್ತದೆ ಕೂಡ. ಇದರ ಮೇಲೆ ಬಿಸಿಲು, ಧೂಳು. ಬೆಳಗ್ಗೆ ಒರೆಸಿದ ಶಹಾಬಾದಿ ಕಲ್ಲಿನ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಇಷ್ಟೆಲ್ಲ ಇರುವಾಗ ಒಂದು ಇಡೀ ಸಂಸಾರದ ಸಾಮಾನು, ಅದೂ ತೀರಿಕೊಂಡವರದ್ದು, ನಿಮ್ಮ ಮನೆಗೆ ಬಂದು ಬಿದ್ದಿದೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಸೋಲುತ್ತಿದ್ದರು.

ಈಗ ಜನ ಹೇಳುವ ಮಾತುಗಳನ್ನು ನೋಡೋಣ.

ಲಕ್ಷ್ಮಿಯ ಮಾತು ನಿಮಗೆ ನೋವು ಮಾಡಿದೆ. ನಂಬಿಕೆ ನಿಮ್ಮದು, ನಾನು ಅದರೊಳಗೆ ಬರುವುದಿಲ್ಲ. ಆದರೆ ಆ ಮಾತು ಮಾಡುವ ಕೆಲಸ ಒಂದೇ: ನಾಚಿಕೆ ಹುಟ್ಟಿಸುವುದು. ನಾಚಿಕೆಯಾದವರು ಬಾಗಿಲು ಹಾಕಿಕೊಳ್ಳುತ್ತಾರೆ, ಕಸಬರಿಗೆ ಎತ್ತಿಕೊಳ್ಳುವುದಿಲ್ಲ. ನನ್ನ ಬಳಿ ಬರುವವರಲ್ಲಿ ಮನೆ ತೀರಾ ಹದಗೆಟ್ಟವರು ಸಾಮಾನ್ಯವಾಗಿ ಬೈಸಿಕೊಂಡವರೇ, ಹೇಳುವವರಿಲ್ಲದವರಲ್ಲ.

"ಮನಸ್ಸು ಬರಲಿ, ಆಮೇಲೆ ಮಾಡಿದರಾಯಿತು" ಅನ್ನುವುದು ಇನ್ನೊಂದು. ಇದು ತಿರುವು ಮುರುವು. ಖಿನ್ನತೆಗೆ ಚಿಕಿತ್ಸೆ ಕೊಡುವಾಗ ನಾವು ಬಳಸುವ ಒಂದು ವಿಧಾನ ನಿಂತಿರುವುದೇ ಇದರ ಮೇಲೆ: ಮೊದಲು ಸಣ್ಣದೊಂದು ಕೆಲಸ, ಅದರ ಹಿಂದೆ ಉತ್ಸಾಹ. ಕಾಯುತ್ತಾ ಕೂತರೆ ಅದು ಬರುವುದಿಲ್ಲ.

ಹೊಸ ಅಲಮಾರಿ, ಪ್ಲಾಸ್ಟಿಕ್ ಡ್ರಾಯರ್ ತಂದರೆ ಸರಿ ಹೋಗುತ್ತದೆ ಅನ್ನುವುದೂ ಅಷ್ಟೇ. ತೀರ್ಮಾನ ಆಗದ ಸಾಮಾನಿಗೆ ಹೊಸ ಮನೆ ಕಟ್ಟಿಕೊಟ್ಟ ಹಾಗೆ. ಸದ್ಯಕ್ಕೆ ದುಡ್ಡು ಖರ್ಚು ಮಾಡುವುದಾದರೆ ಗೋಡೆಗೆ ಎಂಟು ಗಟ್ಟಿ ಹುಕ್ಕು ಹೊಡೆಸಿ. ಮಾಲೀಕರನ್ನು ಕೇಳಿ, ಅಷ್ಟಕ್ಕೆ ಬೇಡ ಅನ್ನುವವರು ಕಡಿಮೆ.

ಇನ್ನು ಕಾಯಿಲೆಯಾ ಅಂತ ಕೇಳಿದ್ದೀರಿ. ಪತ್ರ ಓದಿ ರೋಗ ಹೇಳುವುದು ಸರಿಯಲ್ಲ. ಆದರೆ ಏನನ್ನು ನೋಡಬೇಕು ಅಂತ ಹೇಳಬಲ್ಲೆ. ಮನೆ ಕೆಲಸವೊಂದೇ ಅಲ್ಲ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡ ಅನ್ನಿಸುತ್ತಿದೆಯಾ? ನಿದ್ದೆ, ಹಸಿವು ಬದಲಾಗಿದೆಯಾ? ನಾನು ಯಾತಕ್ಕೂ ಬಾರದವಳು ಅಂತ ಪದೇ ಪದೇ ಅನ್ನಿಸುತ್ತದೆಯಾ? ಇವು ಎರಡು ವಾರ ಅಥವಾ ಹೆಚ್ಚು ಕಾಲ, ಹೆಚ್ಚು ಕಡಿಮೆ ದಿನಾ ಇದ್ದರೆ ಖಿನ್ನತೆ ಇದೆಯಾ ಅಂತ ತೋರಿಸಿಕೊಳ್ಳಬೇಕು. ಹಾಗಿದ್ದಲ್ಲಿ ಮನೆ ಹರಡಿರುವುದು ಕಾರಣ ಅಲ್ಲ, ಲಕ್ಷಣ.

ಅದಕ್ಕಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್ಎಚ್, ಸಾಧ್ಯವಾದರೆ ಬಿ12 ಕೂಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಕಂಡಿದೆ. "ಕೈ ಸೋಲುತ್ತದೆ" ಅಂತ ನೀವು ಬರೆದಿದ್ದೀರಿ. ಅದು ಬರೀ ಮನಸ್ಸಿನ ಮಾತಾಗಿರಬೇಕಿಲ್ಲ. ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಇರುವ ಹೆಂಗಸಿಗೆ ಮನೆ ಜೋಡಿಸುವ ಉಪಾಯ ಹೇಳುವುದು ಅನ್ಯಾಯ. ಮೊದಲು ಕಬ್ಬಿಣಾಂಶ, ಆಮೇಲೆ ಕಸಬರಿಗೆ.

ಚಿಕ್ಕಂದಿನಿಂದಲೂ ಹೀಗೇ ಇದ್ದೀರಾ ಅನ್ನುವುದೂ ಮುಖ್ಯ. ಶಾಲೆಯಲ್ಲಿ ದಿನಾ ಏನಾದರೂ ಕಳೆದುಕೊಂಡು ಬರುವುದು, ಹತ್ತು ಕೆಲಸ ಶುರು ಮಾಡಿ ಒಂದನ್ನೂ ಮುಗಿಸದಿರುವುದು ಹನ್ನೆರಡು ವರ್ಷಕ್ಕೆ ಮೊದಲೇ ಇತ್ತು ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ ಬಗ್ಗೆ ಯೋಚಿಸುತ್ತೇವೆ. ನಿಮ್ಮ ಬ್ಯಾಂಕಿನ ಟೇಬಲ್ ನೋಡಿದರೆ ಅದರ ಸಾಧ್ಯತೆ ಕಡಿಮೆ ಅನ್ನಿಸುತ್ತದೆ. ಆದರೆ ಕಟ್ಟುನಿಟ್ಟಿನ ಕೆಲಸದ ಜಾಗದಲ್ಲಿ ಚೆನ್ನಾಗಿದ್ದು ಮನೆಯಲ್ಲಿ ತಡವರಿಸುವವರೂ ಇದ್ದಾರೆ. ಹಾಗಾಗಿ ಪೂರ್ತಿ ತಳ್ಳಿಹಾಕುವುದಿಲ್ಲ. ಸಾಮಾನು ಕೂಡಿಡುವ ಕಾಯಿಲೆ ಅಂತಲೂ ಒಂದಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಬೇರೆ ಕಾಯಿಲೆಯಾಗಿ ಗುರುತಿಸಿತು. ಅದಿದ್ದವರಿಗೆ ಹರಿದ ಕವರ್ ಎಸೆಯುವಾಗಲೂ ಸಂಕಟ ಆಗುತ್ತದೆ, ಮಂಚ ಮಲಗಲು ಬಾರದಂತೆ, ಒಲೆ ಅಡುಗೆಗೆ ಬಾರದಂತೆ ಸಾಮಾನು ತುಂಬುತ್ತದೆ. ನಿಮಗೆ ಎಸೆಯುವ ಸಂಕಟಕ್ಕಿಂತ ಶುರು ಮಾಡುವ ಸಂಕಟ ಜಾಸ್ತಿ. ಇದು ಅದಲ್ಲ ಅನ್ನಿಸುತ್ತದೆ.

ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಮನೆ ಬದಿಗಿಟ್ಟು ಅವತ್ತೇ ಕರೆ ಮಾಡಿ, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ.

ಈಗ ಶುರು ಮಾಡುವ ದಾರಿ. ಮೊದಲ ಎರಡು ಮೂರು ವಾರ ಯಾವ ತೀರ್ಮಾನವೂ ಬೇಡ. ಅಲಮಾರಿ ತೆಗೆಯಬೇಡಿ, ಸಂದೂಕ ಮುಟ್ಟಬೇಡಿ, ಅಟ್ಟ ಹತ್ತಬೇಡಿ. ತಲೆ ಓಡಿಸದೆ ಮಾಡಬಹುದಾದ್ದನ್ನು ಮಾತ್ರ ಮಾಡಿ.

ಸಂಜೆ ಬಂದ ಕೂಡಲೇ ಬೇಡ. ಚಹಾ ಕುಡಿಯಿರಿ, ಕೂತುಕೊಳ್ಳಿ. ಆದರೆ ಚಹಾದ ಕಪ್ ಹಿಡಿದು ಕೂರುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಕಪ್ ಖಾಲಿಯಾದರೆ ಏಳಬೇಕು ಅಂತ ಇಟ್ಟುಕೊಳ್ಳಿ. "ಆಮೇಲೆ ಮಾಡ್ತೀನಿ" ಅನ್ನುವುದಕ್ಕಿಂತ "ಕಪ್ ತೊಳೆದ ಮೇಲೆ ಕಸದ ಚೀಲ ಎತ್ತುತ್ತೇನೆ" ಅಂತ ಗಂಟು ಹಾಕಿದರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ. ಇದನ್ನು ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ.

ಎದ್ದ ಮೇಲೆ ಕಾಲು ಗಂಟೆ. ಕೈಯಲ್ಲಿ ಒಂದು ಚೀಲ ಹಿಡಿದು ಕಣ್ಣಿಗೆ ಕಸ ಅಂತ ಕಾಣುವುದನ್ನು ಮಾತ್ರ ಹಾಕುತ್ತಾ ಹೋಗಿ. ಬಿಸ್ಕತ್ ಕವರ್, ಹಳೆ ರಸೀದಿ, ಮುರಿದ ಪೆನ್ಸಿಲ್. ಇದು ಕಸವಾ ಅಂತ ಒಂದು ಕ್ಷಣ ಯೋಚನೆ ಬಂದರೆ ಬಿಟ್ಟುಬಿಡಿ, ಅದು ಇವತ್ತಿನದಲ್ಲ. ಮರುದಿನ ಮನೆ ತುಂಬ ಚದುರಿದ ಲೋಟ, ತಟ್ಟೆಗಳನ್ನು ಭಾಂಡೆ ತೊಳೆಯುವ ಮೋರಿಗೆ ತಂದುಹಾಕಿ. ಅದರ ಮರುದಿನ ನೆಲದ ಮೇಲಿನ ಬಟ್ಟೆ. ಕೊಳೆಯೋ ಶುದ್ಧವೋ ಗೊತ್ತಾಗದಿದ್ದರೆ ಕೊಳೆ ಅಂತಲೇ ಲೆಕ್ಕ. ಆಮೇಲೆ ಈಗಾಗಲೇ ಜಾಗ ಇರುವ ಸಾಮಾನು: ಕತ್ತರಿ, ಕೀಲಿ, ಔಷಧಿ ಡಬ್ಬಿ. ಕೊನೆಗೆ ಉಳಿಯುವುದು ಯಾವ ಜಾಗವೂ ಇಲ್ಲದ ಸಾಮಾನು. ಅದನ್ನೆಲ್ಲ ಆರಿಸದೆ ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ ತಾರೀಕು ಬರೆದು ಗೋಡೆಗೆ ಒರಗಿಸಿ. ತೀರ್ಮಾನಗಳೆಲ್ಲ ಆ ಪೆಟ್ಟಿಗೆಯಲ್ಲಿವೆ. ನೆಲ ಖಾಲಿಯಾಗಿದೆ.

ಇದು ಮೋಸ ಅಂತ ಕೆಲವರು ಹೇಳುತ್ತಾರೆ. ಇರಲಿ. ನೆಲ ಕಂಡ ಮೇಲೆ ಕಸ ಗುಡಿಸಬಹುದು, ಗುಡಿಸಿದ ಮನೆಯಲ್ಲಿ ಯೋಚನೆ ಮಾಡಬಹುದು. ಪೆಟ್ಟಿಗೆ ತೆರೆಯುವುದು ವಾರಕ್ಕೊಂದು ಸಲ, ಬೆಳಗ್ಗೆ, ತಲೆ ಹಗುರ ಇರುವಾಗ, ಅರ್ಧ ತಾಸು ಮಾತ್ರ.

ಹೊತ್ತಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರಕ್ಕೇ ಬಿಸಿಲು ತಡೆಯುವುದಿಲ್ಲ, ನೀವು ಮಾತ್ರ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಆರ್‌ಸಿಸಿ ಛಾವಣಿ ಕೆಳಗಿನ ಅಟ್ಟ ಹತ್ತುತ್ತೀರಿ. 42 ಡಿಗ್ರಿಯಲ್ಲಿ ಕೈ ಸೋಲದೆ ಇನ್ನೇನಾಗಬೇಕು? ಅಟ್ಟದ ಕೆಲಸ ಮಳೆ ಬಿದ್ದ ಮೇಲೆ ಇಟ್ಟುಕೊಳ್ಳಿ.

ಅಕ್ಕ ಹೇಳಿದ "ಒಂದೇ ಸಲ" ದಾರಿಯೂ ಇದೆ. ಇಬ್ಬರು ಮೂವರನ್ನು ಕರೆಸಿ ಎರಡು ದಿನದಲ್ಲಿ ಎಲ್ಲ ತೆಗೆಯುವುದು. ನಮ್ಮಲ್ಲಿ ದಸರೆಗೆ ಘಟ ಹಾಕುವ ಮುಂಚೆ ಮನೆ ಹಸನು ಮಾಡುವುದು ಹೀಗೇ ಅಲ್ವಾ, ಹಾಸಿಗೆ, ಕವದಿ ಎಲ್ಲ ಹೊರಗೆ. ಆದರೆ ಆಗ ತೊಳೆದು ಮತ್ತೆ ಅದೇ ಜಾಗಕ್ಕೆ ಇಡುತ್ತಿದ್ದರು. ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ. ನಿಮ್ಮದು ಬೇರೆ. ಈ ದಾರಿಯಲ್ಲಿ ಲಾಭ ಬೇಗ ಕಾಣುತ್ತದೆ. ಅಪಾಯ ಎರಡು. ದಣಿದಾಗ ಎಸೆದದ್ದಕ್ಕೆ ಆಮೇಲೆ ಅಳುವುದು ಒಂದು. ತೀರಿಕೊಂಡವರ ಸಾಮಾನಿನಲ್ಲಿ ಇದನ್ನು ನಾನು ಸಾಕಷ್ಟು ನೋಡಿದ್ದೇನೆ, ಆಮೇಲೆ ಅದೇ ಮನೆಯವರ ನಡುವೆ ಜಗಳವಾಗಿ ಉಳಿಯುತ್ತದೆ. ಎರಡನೆಯದು, ಸಾಮಾನಿಗೆ ಜಾಗ ಗೊತ್ತು ಮಾಡದೆ ಬರೀ ಖಾಲಿ ಮಾಡಿದ ಮನೆ ಬೇಗ ಮತ್ತೆ ತುಂಬುತ್ತದೆ. ಅಕ್ಕನಿಗೆ ಬರಲು ಹೇಳಿ, ಆದರೆ ಎಸೆಯಲು ಅಲ್ಲ. ಅಡುಗೆಮನೆ ಡಬ್ಬಿ ತೊಳೆಯಲು, ಜೋಳ ಹಸನು ಮಾಡಲು.

ಕೂಲಿ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವುದಾದರೆ ಭಾಂಡೆ ಮತ್ತು ನೆಲಕ್ಕೆ ಇಟ್ಟುಕೊಳ್ಳಿ. ನೀವು ದುಡಿಯುತ್ತೀರಿ, ಇದರಲ್ಲಿ ಸಂಕೋಚ ಪಡುವುದೇನಿಲ್ಲ. ಸಾಮಾನು ಆರಿಸುವುದನ್ನು ಹೊರಗಿನವರಿಗೆ ಬಿಟ್ಟರೆ ಕೆಲಸ ಆಗುವುದಿಲ್ಲ. ಅವರು ನಿಮಿಷಕ್ಕೊಮ್ಮೆ "ಇದು ಎಲ್ಲಿಡಲಿ" ಅಂತ ನಿಮ್ಮನ್ನೇ ಕೇಳುತ್ತಾರೆ.

ನಾನು ಹೇಳಿದ ದಿನಕ್ಕೆ ಕಾಲು ಗಂಟೆಯ ದಾರಿಗೂ ದೋಷ ಇದೆ. ಎರಡು ವಾರ ಏನೂ ಆಗಿಲ್ಲ ಅನ್ನಿಸುತ್ತದೆ, ಯಾಕೆಂದರೆ ಮಕ್ಕಳು ಹಿಂದಿನಿಂದ ಹರಡುತ್ತಲೇ ಇರುತ್ತಾರೆ. ರಟ್ಟಿನ ಪೆಟ್ಟಿಗೆ ತೆರೆಯದೆ ಹಾಗೇ ಉಳಿದರೆ ಮನೆಗೆ ಇನ್ನೊಂದು ಸಂದೂಕ ಸೇರಿದ ಹಾಗೆ. ಮೂರಕ್ಕಿಂತ ಜಾಸ್ತಿ ಪೆಟ್ಟಿಗೆ ಆದರೆ ಹೊಸದು ತುಂಬುವುದನ್ನು ನಿಲ್ಲಿಸಿ ಹಳೆಯದನ್ನು ತೆರೆಯಿರಿ.

ಇನ್ನೊಂದು ಆಯ್ಕೆ, ಸದ್ಯಕ್ಕೆ ಬಿಡುವುದು. ಪರೀಕ್ಷೆಯಲ್ಲಿ ರಕ್ತಹೀನತೆಯೋ ಖಿನ್ನತೆಯೋ ಕಂಡರೆ ಒಂದೆರಡು ತಿಂಗಳು ಇದೇ ಸರಿ. ಆಗಲೂ ಕೆಲವನ್ನು ಬಿಡುವ ಹಾಗಿಲ್ಲ. ಒಲೆಯ ಸುತ್ತ ಕಾಗದ, ಬಟ್ಟೆ ಇರಬಾರದು. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿ ಖಾಲಿ ಇರಬೇಕು. ನೀರಿನ ಡ್ರಮ್ಮು ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಬೇಕು. ನಮ್ಮ ಊರಿನ ಹಲವು ಬಡಾವಣೆಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ತುಂಬಿಡದೆ ಗತಿ ಇಲ್ಲ. ಡೆಂಗಿ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ನೀರು ಚೆಲ್ಲಿದರೆ ಸಾಲದು, ಉಜ್ಜಲೇಬೇಕು. ಮನೆ ಎಷ್ಟೇ ಹರಡಿದ್ದರೂ ಇದು ಬೇರೆ ಕೆಲಸ.

ಬಚ್ಚಲು ತೊಳೆಯುವಾಗ ಟಾಯ್ಲೆಟ್ಟಿಗೆ ಹಾಕುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಸೇರಿಸಬೇಡಿ. ಜಾಸ್ತಿ ಬೆಳ್ಳಗಾಗಲಿ ಅಂತ ಸೇರಿಸುವವರಿದ್ದಾರೆ. ಅದರಿಂದ ಕ್ಲೋರಿನ್ ಗಾಳಿ ಏಳುತ್ತದೆ, ಕಿಟಕಿ ಇಲ್ಲದ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಬಹಳ ದಿನ ಮುಟ್ಟದ ಬಟ್ಟೆ ಗಂಟು, ಜೋಳದ ಚೀಲದ ಸಂದಿಗೆ ಬರಿಗೈ ಹಾಕಬೇಡಿ. ಚೇಳು ಇರುವ ಊರು ನಮ್ಮದು. ಮೊದಲು ಕೋಲಿನಿಂದ ಸರಿಸಿ, ಕೊಡವಿ.

ಕಾಗದ ಪತ್ರ ಮಾತ್ರ ಯಾವ ಸಿಟ್ಟಿನಲ್ಲೂ ಎಸೆಯಬೇಡಿ. ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬಿಗೆ ಹಾಕಿ, ಜೋಡಿಸುವುದು ಮುಂದಿನ ಮಾತು. ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಮುಖ್ಯ. ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರ ಮಾಡಿಸಲು ಹೋದಾಗ ಶಾಲೆಯ ಹಳೆ ದಾಖಲೆ, ತಂದೆ ತಾಯಿ ಇಲ್ಲಿಯವರು ಅಂತ ತೋರಿಸುವ ಕಾಗದ ಬೇಕಾಗುತ್ತವೆ. ನಿಮ್ಮ ಮಗನಿಗೆ ಪಿಯುಸಿ ಆದ ಮೇಲೆ ಸೀಟಿಗೆ ಅದೇ ಆಧಾರ. ಅತ್ತೆಯ ಸಂದೂಕದ ತಳದಲ್ಲಿ ಹಳೆ ಪಹಣಿ, ಮಾವನವರ ಟಿಸಿ ಇದ್ದರೂ ಇರಬಹುದು.

ಆ ಸಂದೂಕದ ವಿಷಯಕ್ಕೆ ಬರುತ್ತೇನೆ. ಅದನ್ನು ನೀವೊಬ್ಬರೇ ತೆರೆಯುವುದು ಬೇಡ. ಒಂದು ವರ್ಷದಿಂದ ನಿಮ್ಮ ತಲೆ ಮೇಲೆ ಕೂತಿರುವ ಅತಿ ದೊಡ್ಡ ತೀರ್ಮಾನ ಅದು, ಮತ್ತು ಅದು ನಿಮ್ಮೊಬ್ಬರದೇ ಅಲ್ಲ. ಅವರ ಹೆಣ್ಣುಮಕ್ಕಳಿದ್ದಾರೆ, ನಿಮ್ಮ ಗಂಡ ಇದ್ದಾರೆ. ನಾದಿನಿಯರಿಗೆ ಈ ವಾರವೇ ಫೋನ್ ಮಾಡಿ ಹೇಳಿ: ಕಾರ್ಯದ ಮರುದಿನ ಎಲ್ಲರೂ ಕೂತು ಅವ್ವನ ಸಂದೂಕ ತೆರೆಯೋಣ, ಯಾರಿಗೆ ಏನು ಬೇಕೋ ನೋಡೋಣ, ಅಲ್ಲಿವರೆಗೆ ನಾನು ಮುಟ್ಟುವುದಿಲ್ಲ. ಹೇಳಿದ ಕೂಡಲೇ ಭಾರ ಅರ್ಧ ಇಳಿಯುತ್ತದೆ, ನೋಡಿ. ಹಂಡೆ ಯಾರಿಗೂ ಬೇಡವಾದರೆ ತೂಕಕ್ಕೆ ಹಾಕಿ ಬಂದದ್ದನ್ನು ಅವ್ವನ ಹೆಸರಲ್ಲಿ ಎಲ್ಲರೂ ಸೇರಿ ಖರ್ಚು ಮಾಡಬಹುದು. ಅವರ ಮೆತ್ತಗಾದ ಹತ್ತಿ ಸೀರೆಗಳಿದ್ದರೆ ಕವದಿ ಹೊಲಿಯುವವರಿಗೆ ಕೊಡಿ. ಹಳ್ಳಿಗಳಲ್ಲಿ ಇನ್ನೂ ಹೊಲಿಯುತ್ತಾರೆ. ಹತ್ತು ಸೀರೆಯ ಗಂಟು ಹೋಗಿ ಮಕ್ಕಳು ಹೊದೆಯುವ ಒಂದು ಕವದಿ ಉಳಿಯುತ್ತದೆ. ಎಲ್ಲವನ್ನೂ ಇಟ್ಟುಕೊಂಡರೇ ಪ್ರೀತಿ ಅಂತ ಏನಿಲ್ಲ.

ನಿಮ್ಮ ಗಂಡನ ಮಾತು. ಕ್ಯಾಲಿಫೋರ್ನಿಯಾದ ಸಂಶೋಧಕರು 30 ದಂಪತಿಗಳ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಎಲ್ಲರೂ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು. ಮನೆ ಹರಡಿದೆ, ಕೆಲಸ ಬಾಕಿ ಇದೆ ಅಂತ ತಮ್ಮ ಮನೆ ಬಗ್ಗೆ ಹೇಳಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ಸಣ್ಣ ಅಧ್ಯಯನ, ಯಾವುದರಿಂದ ಯಾವುದು ಅಂತ ಅದು ಹೇಳುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಒಬ್ಬರಿಗೆ ಎದೆ ಭಾರ, ಇನ್ನೊಬ್ಬರಿಗೆ ಬರೀ ಹರಡಿದ ಸಾಮಾನು ಅನ್ನುವುದು ನನ್ನ ಕೋಣೆಯಲ್ಲಿ ಕೂತ ದಂಪತಿಗಳಲ್ಲೂ ಕಾಣುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಲೆಕ್ಕಕ್ಕೆ ಬರದ್ದು ಇನ್ನೊಂದಿದೆ. ಯಾವಾಗ ಏನು ಮಾಡಬೇಕು ಅಂತ ನೆನಪಿಡುವ ಕೆಲಸ ಇಂಥ ನಿಮಿಷಗಳಲ್ಲಿ ಸರಿಯಾಗಿ ಹಿಡಿಯಲು ಸಿಗುವುದಿಲ್ಲ.

ಹಾಗಾಗಿ ಅವರಿಗೆ ಬಿಡಿ ಕೆಲಸ ಹೇಳಬೇಡಿ. "ಇದನ್ನು ಎತ್ತಿಡ್ರಿ" ಅಂದರೆ ತೀರ್ಮಾನ ನಿಮ್ಮದೇ ಉಳಿಯಿತು. ಒಂದು ಇಡೀ ಕೆಲಸ ಬಿಟ್ಟುಕೊಡಿ. ಬಟ್ಟೆ ಅವರದು ಅಂದರೆ ಬುಟ್ಟಿಯಿಂದ ಮಷಿನ್ನಿಗೆ, ಮಷಿನ್ನಿನಿಂದ ಹಗ್ಗಕ್ಕೆ, ಹಗ್ಗದಿಂದ ಮಡಚಿ ಅಲಮಾರಿಗೆ. ಅವರು ಮಡಚುವುದು ನಿಮಗೆ ಸರಿ ಕಾಣದಿರಬಹುದು. ದಯವಿಟ್ಟು ಮತ್ತೆ ಮಡಚಬೇಡಿ. ಮಗನಿಗೆ ಹನ್ನೆರಡು ವರ್ಷ, ಚಪ್ಪಲಿ ಸ್ಟ್ಯಾಂಡು ಮತ್ತು ಕಸದ ಬುಟ್ಟಿ ಅವನದು. ಮಗಳಿಗೆ ಆಟದ ಸಾಮಾನಿಗೊಂದು ಬುಟ್ಟಿ ಕೊಡಿ, ಎಲ್ಲ ಅದರೊಳಗೆ, ಬುಟ್ಟಿ ಒಳಗಿನ ಶಿಸ್ತು ಅವಳಿಗೆ ಬಿಟ್ಟದ್ದು.

ಆಷಾಢಕ್ಕೆ ಏನು ಆಗಬೇಕು ಅಂತ ಕೇಳಿದ್ದೀರಿ. ಪಡಸಾಲೆಯ ನೆಲ, ದೇವರ ಜಾಗ, ಒಲೆಕಟ್ಟೆ, ಬಚ್ಚಲು. ಇವು ನಾಲ್ಕು ಆದರೆ ಕಾರ್ಯ ನಡೆಯುತ್ತದೆ. ಬಂದವರಿಗೆ ಹಾಸಿಕೊಡಲು ಸಂದೂಕದಲ್ಲಿಲ್ಲದ, ಹೊರಗಿನ ಕವದಿಗಳನ್ನು ಎರಡು ವಾರ ಮೊದಲು ಬಿಸಿಲಿಗೆ ಹಾಕಿ, ಆಮೇಲೆ ಮಳೆ ಹಿಡಿದರೆ ಒಣಗುವುದಿಲ್ಲ. ಒಳಕೋಣೆ ಅಷ್ಟರಲ್ಲಿ ಆಗದಿದ್ದರೆ ಪೆಟ್ಟಿಗೆ, ಚೀಲ ಎಲ್ಲ ಅಲ್ಲಿಗೆ ಸರಿಸಿ ಹೊರಗಿನಿಂದ ಚಿಲಕ ಹಾಕಿ. ಕಾರ್ಯದ ಮನೆಯಲ್ಲಿ ಒಂದು ಕೋಣೆಗೆ ಚಿಲಕ ಇರುವುದನ್ನು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯವರು ಕೇಳಿದರೆ, ತೊಗರಿ ಚೀಲ ಅದಾವ ಅನ್ನಿ. ಸುಳ್ಳೂ ಅಲ್ಲವಲ್ಲ.